ಪೆಟ್ಟು ಕೊಟ್ಟವರು ಮರೆತರು

ವಸಂತನ ಅಪ್ಪನವರಿಗೆ,

ಅಕ್ಷರ ಮರೆತವರಿಗೆ ಕಾಗದ ಬರೆಯುವುದು ಹುಚ್ಚೇ ಸರಿ. ಆದರೂ ಬರೆಯುತ್ತೇನೆ. ನೀವು ನಡುವೆ ಬಾಯಿ ಹಾಕದೆ ನನ್ನ ಮಾತು ಪೂರ್ತಿಯಾಗುವುದು ಇದೇ ಮೊದಲು.

ಇಂದಿರಾನಗರದ ಡಾಕ್ಟರು ನಿಮ್ಮ ಮಿದುಳಿನ ಸ್ಕ್ಯಾನನ್ನು ಬೆಳಕಿಗೆ ಹಿಡಿದು ತೋರಿಸಿದರು. ಒಳಗೆ ಒಣಗಿ ಸುಕ್ಕಾಗಿದೆ, ನೆನಪಿನ ಜಾಗ ಮೊದಲು ಹೋಗಿದೆ, ಮಿಕ್ಕಿದ್ದೂ ಒಂದೊಂದಾಗಿ ಹೋಗುತ್ತದೆ ಅಂದರು. ಮಗಳು ರಮ್ಯ ಅತ್ತಳು. ನಾನು ಅಳಲಿಲ್ಲ. ಆಮೇಲೆ ಅವರು ನಿಮ್ಮ ಹೆಂಡತಿಯ ಹೆಸರೇನೆಂದು ಕೇಳಿದರು. ನೀವು ಪಿಳಿಪಿಳಿ ಕಣ್ಣು ಬಿಟ್ಟಿರಿ. ಡಾಕ್ಟರು ಅಯ್ಯೋ ಪಾಪ ಅನ್ನುವ ಹಾಗೆ ನನ್ನ ಕಡೆ ನೋಡಿ ಏನೋ ಬರೆದುಕೊಂಡರು. ಅವರಿಗೇನು ಗೊತ್ತು? ನಮ್ಮ ಮಹದೇವಪುರದ ಹಳೇ ಮನೆಗಳಲ್ಲಿ ಗಂಡ ಹೆಂಡತಿ ಒಬ್ಬರ ಹೆಸರನ್ನು ಒಬ್ಬರು ಹಿಡಿಯುವುದಿಲ್ಲ. ನನಗೆ ನೀವು ಮಗ ವಸಂತನ ಅಪ್ಪ. ಮದುವೆಯಾದಂದಿನಿಂದ ನಾನು ನಿಮಗೆ ‘ಏಯ್’. ಸಿಟ್ಟು ಬಂದರೆ ಅದಕ್ಕಿಂತ ಕೀಳು. ಬಾಯಲ್ಲಿ ಇಲ್ಲದೇ ಇದ್ದದ್ದನ್ನು ಮರೆಯುವುದು ಹೇಗೆ? ನಗು ಬಂತು, ಸೆರಗನ್ನು ಬಾಯಿಗೆ ಒತ್ತಿಕೊಂಡೆ. ಅಳುತ್ತಿದ್ದೇನೆ ಅಂದುಕೊಂಡು ಡಾಕ್ಟರು ನೀರು ತರಿಸಿದರು.

ಸ್ವಭಾವ ಬದಲಾಗಿದೆಯೇ ಅಂತಲೂ ಕೇಳಿದರು. ಹೌದು, ಒಳ್ಳೆಯವರಾಗಿಬಿಟ್ಟಿದ್ದಾರೆ ಅಂದೆ. ಮುದ್ದೆಯಲ್ಲಿ ಒಂದು ಗಂಟು ಸಿಕ್ಕರೆ ತಟ್ಟೆಯನ್ನು ಗೋಡೆಗೆ ಬೀಸುತ್ತಿದ್ದವರು ನೀವು. ಮೊನ್ನೆ ಬೇಕೆಂದೇ ಗಂಟುಗಂಟಾಗಿ ತೊಳಸಿ ಬಡಿಸಿದೆ. ನನ್ನನ್ನು ಯಾರೋ ಅಡುಗೆಯವಳು ಅಂದುಕೊಂಡಿದ್ದೀರಲ್ಲ, ನುಂಗಿ, ‘ಚೆನ್ನಾಗೈತಮ್ಮ, ನಿಮ್ಮ ಕೈ ತಣ್ಣಗಿರ್ಲಿ’ ಅಂದಿರಿ. ಹೊಟ್ಟೆ ಉರಿದುಹೋಯಿತು.

ನನಗೆ ಬೇಕಾಗಿದ್ದುದು ಒಂದೇ. ಸಾಯುವ ಮೊದಲು ನಿಮ್ಮ ಬಾಯಲ್ಲಿ ‘ತಪ್ಪಾಯ್ತು’ ಅನ್ನಿಸಬೇಕು. ಕೈಕಾಲು ಸೋತು ಒಂದು ದಿನ ನನ್ನ ಕೈಗೇ ಬೀಳುತ್ತೀರಿ, ಆಗ ಕೇಳುತ್ತೇನೆ ಅಂತ ಹಲ್ಲು ಕಚ್ಚಿಕೊಂಡಿದ್ದೆ. ಬಿದ್ದಿರಿ. ಆದರೆ ಮಾಡಿದ್ದೆಲ್ಲ ತೊಳೆದುಕೊಂಡು ಹಸುಗೂಸಿನ ಹಾಗೆ ಬಿದ್ದಿರಿ. ತಿಂದ ಪೆಟ್ಟು ನನಗೆ ಒಂದೂ ಮರೆತಿಲ್ಲ. ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರೆ; ಮಾಡಿದವರು ನೀವು, ಉಣ್ಣುತ್ತಿರುವವಳು ನಾನು.

ನಿನ್ನೆ ನಿಮ್ಮ ತಲೆಗೆ ಹರಳೆಣ್ಣೆ ತಟ್ಟುವಾಗ ನನ್ನ ಮುಂಗೈಯ ಸುಟ್ಟ ಕಲೆ ನಿಮ್ಮ ಕಣ್ಣಿಗೆ ಬಿತ್ತು. ರಮ್ಯ ಹುಟ್ಟಿದಾಗಿನ ಬಾಣಂತನದಲ್ಲಿ, ಹೆಣ್ಣು ಹೆತ್ತೆನೆಂದು ನೀವು ಒಲೆಯಿಂದ ಕೊಳ್ಳಿ ಎಳೆದು ಇಟ್ಟದ್ದು. ಅದರ ಮೇಲೆ ಬೆರಳಾಡಿಸಿ ಕೇಳಿದಿರಿ:

‘ಯಾವನಮ್ಮ ಇದು ಮಾಡ್ದೋನು?’

‘ನನ್ನ ಗಂಡ.’

ನಿಮ್ಮ ಕಣ್ಣು ತುಂಬಿತು. ಕೇಳಿದಿರಿ, ‘ಎಲ್ಲವ್ನೆ ಆ ನನ್ಮಗ?’

‘ಸತ್ತೋದ.’

‘ಸದ್ಯ. ಒಳ್ಳೇದಾಯ್ತು ಬಿಡಮ್ಮ’ ಅಂದು ಮತ್ತೆ ತಲೆ ಬಗ್ಗಿಸಿದಿರಿ.

ಎಣ್ಣೆ ತಟ್ಟುತ್ತಲೇ ಇದ್ದೆ. ತಪ್ಪಾಯ್ತು ಅನ್ನಬೇಕಾದವನು ತಪ್ಪಿಸಿಕೊಂಡು ಹೋದ. ಉಳಿದಿರುವ ನಿಮ್ಮ ಮೇಲಾದರೂ ಹಗೆ ತೀರಿಸಿಕೊಳ್ಳೋಣವೆಂದರೆ, ಇಷ್ಟು ವರ್ಷದಲ್ಲಿ ಈ ಮನೆಯೊಳಗೆ ನನ್ನ ಪರವಾಗಿ ಮಾತಾಡಿದವರು ನೀವೊಬ್ಬರೇ.

ದೇವರು ನಿಮಗೆ ನೂರು ವರ್ಷ ಕೊಡಲಿ, ನೆನಪನ್ನು ಮಾತ್ರ ವಾಪಸ್ಸು ಕೊಡದಿರಲಿ.

ಮುನಿಗಂಗಮ್ಮ