ಲಹಾಯ್ ಹಾಸಿದ ತಗಡು

ಬೊಂಬೊಹುನ್, ಕೈಲಾಹುನ್ ಜಿಲ್ಲೆ
ಸಿಯೆರಾ ಲಿಯೋನ್
೨೩ ಮಾರ್ಚ್ ೨೦೦೩

ಪ್ರೀತಿಯ ಮಗು ಮೋರಿಬಾ,

ನಿನ್ನ ಕೆಮ್ಮು ಹೇಗಿದೆ? ನಿನ್ನ ಹೆಂಡತಿ ಹವಾಗೆ ಎದೆಹಾಲು ಸಾಲದೆಂದು ಬರೆದಿದ್ದೆ. ನೆಲಗಡಲೆ ಗಂಜಿ ಕುಡಿಸು ಎನ್ನುತ್ತಾಳೆ ನಿನ್ನ ತಾಯಿ. ಮಗುವಿಗೆ ಟೆನ್ನೆ ಎಂದು ಹೆಸರಿಟ್ಟದ್ದು ನಮಗಿಬ್ಬರಿಗೂ ಬಹಳ ಹಿಡಿಸಿತು. ನಾವು ಗಟ್ಟಿಯಾಗಿಯೇ ಇದ್ದೇವೆ.

ದೊಡ್ಡ ಸುದ್ದಿಯೆಂದರೆ ನಮ್ಮ ಮನೆಗೆ ತಗಡಿನ ಚಾವಣಿಯಾಗಿದೆ. ಅಕ್ಟೋಬರಿನಲ್ಲಿ ಪರದೇಶದ ನೆರವಿನವರು ಬಂದು ಸಭೆಯ ಚಪ್ಪರದಲ್ಲಿ ಕೂತರು. ತಗಡು ಇಪ್ಪತ್ತು ಮನೆಗೆ ಮಾತ್ರ, ಯುದ್ಧದಲ್ಲಿ ಗಂಡುಮಕ್ಕಳನ್ನೆಲ್ಲ ಕಳೆದುಕೊಂಡ ಮುದುಕರಿಗೆ ಮೊದಲು, ಉಳಿದವರಿಗೆ ಪ್ಲಾಸ್ಟಿಕ್ ಹಾಳೆ ಎಂದರು. ನೀನು ಗಡಿಯಾಚೆ ಗಿನಿಯ ನಿರಾಶ್ರಿತರ ಶಿಬಿರದಲ್ಲಿ ಬದುಕಿರುವ ಸುದ್ದಿ ಅದೇ ತಿಂಗಳು ಬಂದಿತ್ತು, ನಮ್ಮಿಬ್ಬರನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ನಿನ್ನ ತಾಯಿ ಹಿಂದಿನಿಂದ ನನ್ನ ಬೆನ್ನು ತಿವಿದಳು. "ಇದ್ದಾನೆ ಅಂದ್ರೆ ಪ್ಲಾಸ್ಟಿಕ್ಕು, ಇಲ್ಲ ಅಂದ್ರೆ ತಗಡು. ಓದಿದೋರು ನೀವು, ಯೋಚ್ನೆ ಮಾಡಿ ಮೇಷ್ಟ್ರೇ" ಎಂದಳು. ಸುಳ್ಳು ಹೇಳಿದ ಮಕ್ಕಳಿಗೆ ಮೂವತ್ತು ವರ್ಷ ಬೆತ್ತದೇಟು ಕೊಟ್ಟ ನಾನು ಎದ್ದು ನಿಂತು, ಊರು ಸುಟ್ಟ ದಿನ ಹೊಳೆ ದಾಟುವಾಗ ದಂಗೆಕೋರರು ನಿನ್ನನ್ನು ಕೊಂದರು ಎಂದೆ.

ನೆರವಿನವರ ಅಧಿಕಾರಿ ಸಾಕ್ಷಿ ಕೇಳಿದ. ಆಗ ಎದ್ದವನು ಲಹಾಯ್. ನನ್ನ ಹಳೆಯ ಶಿಷ್ಯ, ದಂಗೆಕೋರರ ಜೊತೆ ಸೇರಿ ಈ ಊರಿನ ಅರ್ಧ ಸುಟ್ಟವನು. ಬಂದೂಕು ಒಪ್ಪಿಸಿದ್ದಕ್ಕೆ ಈ ನೆರವಿನವರೇ ಅವನಿಗೆ ಬಡಗಿ ಕೆಲಸ ಕಲಿಸಿ, ಹೊಸ ಉಳಿ ಗರಗಸ ಕೊಟ್ಟಿದ್ದರು. "ಆ ದಿನ ಹೊಳೆ ಹತ್ರ ನಾನಿದ್ದೆ. ಹೊಡೆದಿದ್ದು ನಾನೇ ಇರ್ಬೇಕು ಮೇಷ್ಟ್ರೇ. ನಾವು ಮುಖ ನೋಡ್ತಿರ್ಲಿಲ್ಲ" ಎಂದು ನನ್ನ ಕಾಲಿಗೆ ಬಿದ್ದ.

ಒಂದೇ ಒಂದು ಮಾತು ಸಾಕಿತ್ತು, ಮಗು. ನಾನು ಆಡಲಿಲ್ಲ. ಅವನ ತಲೆ ಮುಟ್ಟಿ ಕ್ಷಮಿಸಿದೆ ಎಂದೆ. ಇಡೀ ಚಪ್ಪರ ಅತ್ತಿತು, ಅಧಿಕಾರಿ ಫೋಟೊ ತೆಗೆಸಿಕೊಂಡ. ಮಾಡದ ಕೊಲೆಗೆ ಕ್ಷಮೆ ಕೊಡುವುದು ಎಷ್ಟು ಸುಲಭ ಎಂದು ಅಂದು ತಿಳಿಯಿತು.

ಊರಿನವರು ಒತ್ತಾಯ ಬಿಡಲಿಲ್ಲವಾದ್ದರಿಂದ, ಸತ್ತವರಿಗೆ ಮಾಡುವ ನಲವತ್ತನೇ ದಿನದ ಊಟವನ್ನೂ ನಿನ್ನ ಹೆಸರಲ್ಲಿ ಮಾಡಿದೆವು. ಅಕ್ಕಿ, ಕೋಳಿ ಎಲ್ಲ ಲಹಾಯ್‌ನದೇ. ನಿನ್ನ ತಾಯಿ ನಿಜವಾಗಿಯೇ ಬಿಕ್ಕಿ ಬಿಕ್ಕಿ ಅತ್ತಳು. ಆಮೇಲೆ ಕೇಳಿದರೆ, ನಿನ್ನ ಸುದ್ದಿಯಿಲ್ಲದ ವರ್ಷಗಳಲ್ಲಿ ಅತ್ತು ಅಭ್ಯಾಸವಾಗಿದೆ ಎಂದಳು. ಚಾವಣಿಗೆ ಮೊಳೆ ಹೊಡೆದವನೂ ಲಹಾಯ್‌ನೇ. ಈಗ ದಿನಾ ನೀರು ಹೊತ್ತು ತರುತ್ತಾನೆ, ನಿನ್ನ ತಾಯಿಯನ್ನು ಅಮ್ಮಾ ಎನ್ನುತ್ತಾನೆ. ಸರಿಯಾಗಿ ಉಣ್ಣದೆ ಕಡ್ಡಿಯಾಗಿದ್ದಾನೆ. ನಿಜ ಹೇಳಿಬಿಡೋಣವೇ ಎಂದು ಒಮ್ಮೆ ಕೇಳಿದೆ. "ಯಾರದ್ದೋ ಮಗನ್ನ ಕೊಂದೇ ಇರ್ತಾನಲ್ಲ. ಹೊರ್ಲಿ ಬಿಡಿ" ಎಂದಳು ನಿನ್ನ ತಾಯಿ. ನಾನೂ ಬಿಟ್ಟೆ.

ದೇವರು ನಿಮ್ಮ ಮೂವರನ್ನೂ ಕಾಯಲಿ. ಟೆನ್ನೆಯ ಕೆನ್ನೆಗೆ ಅಜ್ಜಿಯ ಮುತ್ತು.

ನಿನ್ನ ತಂದೆ,
ಸೆಲ್ಲು

ಮರೆತಿದ್ದೆ: ಶಿಬಿರದವರನ್ನು ಊರಿಗೆ ಕರೆತರುವ ಮುಂದಿನ ತಿಂಗಳ ಲಾರಿಗೆ ಮೂವರೂ ಹೊರಡುತ್ತೇವೆ ಎಂದು ಬರೆದಿದ್ದೀಯ. ನೀನು ಬರಬೇಡ. ಅಧಿಕಾರಿ ಮತ್ತೆ ತನಿಖೆಗೆ ಬರುತ್ತಾನಂತೆ. ಹವಾ ಮಗುವನ್ನು ಎತ್ತಿಕೊಂಡು ಬರಲಿ. ಗಂಡ ಸತ್ತವರಿಗೆ ಗೋಧಿ ನುಚ್ಚು, ಎಣ್ಣೆ ಕೊಡುವ ಹೊಸ ಪಟ್ಟಿ ಬರೆಯುತ್ತಿದ್ದಾರೆ. ನಮ್ಮನ್ನು ಕಂಡು ಲಾರಿಯಿಂದ ಇಳಿಯುವಾಗ ನಕ್ಕುಬಿಟ್ಟಾಳು, ಮೊದಲೇ ಹೇಳಿಕೊಟ್ಟು ಕಳಿಸು.