ಜಿಂಕೆಯ ಎಡಗಣ್ಣು

ಮೊಂಟಾನಾ, ಗುರುವಾರ

ಪ್ರೀತಿಯ ಅಪ್ಪನಿಗೆ,

ಬಂದೂಕು ದುರಸ್ತಿ ಶಾಲೆಗೇ ಮೊದಲಿಗಳಾದ ನಿಮ್ಮ ಮಗಳು ಹಾಲಿಸ್ ಅವರ ಅಂಗಡಿಯಲ್ಲಿ ಕ್ಷೇಮ. ನಿನ್ನೆ ಶೆರಿಫರ ಗಿಡ್ಡ ಪಿಸ್ತೂಲನ್ನು ಅವರ ಕೈಗೆ ಹೊಂದಿಸಲು ಬಿಚ್ಚಿದೆ. ತಯಾರಕರು ಖರ್ಚು ಉಳಿಸಲು ಸ್ಪ್ರಿಂಗಿನ ಮುಚ್ಚಳಕ್ಕೆ ತಡೆಯನ್ನೇ ಇಟ್ಟಿರಲಿಲ್ಲ. ದೋಷ ಸಂಪೂರ್ಣವಾಗಿ ಅವರದು. ಮುಚ್ಚಳ ಹಾರಿ, ಗೋಡೆಯ ಮೇಲಿದ್ದ ಜಿಂಕೆತಲೆಯ ಗಾಜಿನ ಎಡಗಣ್ಣನ್ನು ಒಡೆಯಿತು. ಅದು ಹಾಲಿಸ್ ಅವರ ದಿವಂಗತ ಪತ್ನಿಯ ಬೇಟೆ.

“ಶಾಲೆಗೇ ಫಸ್ಟಂತೆ! ಬಿಚ್ಚೋವಾಗ ಮುಚ್ಚಳಕ್ಕೆ ಹೆಬ್ಬೆರಳು ಅಡ್ಡ ಇಡೋದು ಹೇಳ್ಕೊಡ್ಲಿಲ್ವೇನಮ್ಮ?” ಎಂದರು ಹಾಲಿಸ್. ಸೋಮವಾರದೊಳಗೆ ಕಣ್ಣು ಬಾರದಿದ್ದರೆ ನನಗಿಲ್ಲಿ ಕೆಲಸವಿಲ್ಲ.

ಸತ್ತ ಪ್ರಾಣಿಗಳ ಚರ್ಮಕ್ಕೆ ಹುಲ್ಲು ತುಂಬಿ ಜೀವಕಳೆ ತರುವ ನಿಮ್ಮ ಕಸುಬನ್ನು ಕಂಡು, ‘ಇದೂ ಒಂದು ವಿದ್ಯೆಯೇ?’ ಎಂದು ನಾನು ನಕ್ಕದ್ದುಂಟು. ದಯವಿಟ್ಟು ಕಂದು ಬಣ್ಣದ ಕಣ್ಣೊಂದನ್ನು ತಂದು, ನೀವೇ ಕೂರಿಸಿಕೊಡಿ. ಅದು ನನಗೆ ಬಾರದ ವಿದ್ಯೆ.

ನಿಮ್ಮ ಮಗಳು,
ರೋವೆನಾ