ತೋಪಿಗಿಳಿದ ಟೈರು

ರಾಯಲ್ಪಾಡು
ಭಾನುವಾರ

ಮಾವನವರಿಗೆ ಧನಶ್ರೀಯ ನಮಸ್ಕಾರ.

ಫೋನಲ್ಲಿ ನೀವು ನನ್ನ ಮಾತು ಮುಗಿಯೋಕೆ ಬಿಡಲ್ಲ, ಅದಕ್ಕೇ ಈ ಕಾಗದ. ಕಣ್ಣಿನ ಆಪರೇಷನ್ ಆಗಿದೆಯಲ್ಲ, ವೇಮಗಲ್‌ನಲ್ಲಿ ನಿಮ್ಮನ್ನ ನೋಡ್ಕೊಳ್ತಿರೋ ಅತ್ತಿಗೆ ಓದಿ ಹೇಳಲಿ.

ಲಾರಿ ಈಗ ನಾನೇ ಓಡಿಸ್ತಿದ್ರೂ ಟೈರು ಮಾತ್ರ ನೀವು ಹೇಳಿದ್ದೇ ಆಗ್ಬೇಕು ಅಂದ್ರಿ. ರೋಡ್ ಟೈರು ಹಾಕ್ಸಿದ್ರೆ ಡೀಸೆಲ್ ಉಳಿಯುತ್ತೆ, ಶ್ರೀನಿವಾಸಪುರದ ಮಾವಿನ ಮಂಡಿವರೆಗೂ ಟಾರ್ ರೋಡೇ ಇದೆ ಅಂದ್ರಿ. ಎಲ್ಲಾ ನಿಜ. ಆದ್ರೆ ಮಾವಿನ ಮರಗಳು ಟಾರ್ ರೋಡಲ್ಲಿಲ್ಲ.

ತೋಪಿನ ಕೆಮ್ಮಣ್ಣಲ್ಲಿ ಹೂತ್ಕೊಳ್ಳುತ್ತೆ ಅಂತ ನೀವು ಯಾವಾಗ್ಲೂ ಲಾರಿನ ರೋಡ್ ಪಕ್ಕದ ಹುಣಸೆಮರದ ಹತ್ರಾನೇ ನಿಲ್ಲಿಸ್ತಿದ್ರಿ. ಅಲ್ಲೀವರೆಗೂ ಹಣ್ಣಿನ ಕ್ರೇಟು ತಲೆ ಮೇಲೆ ಹೊತ್ತಿದ್ದು ಅತ್ತೆ. ಡೀಸೆಲ್ ಲೆಕ್ಕ ಹಾಕಿದ್ರಿ, ಅತ್ತೆ ಕುತ್ತಿಗೆ ಆ ಲೆಕ್ಕಕ್ಕೆ ಬರ್ಲೇ ಇಲ್ಲ. ಈಗ ಅವರು ಹಿಂದಕ್ಕೆ ನೋಡ್ಬೇಕಾದ್ರೆ ಮೈಯೆಲ್ಲಾ ತಿರುಗಿಸ್ತಾರೆ. ನೀವು ಅದನ್ನ ಗತ್ತು ಅಂತೀರಿ.

ಹಿಂದಗಡೆಗೆ ದಪ್ಪ ಹಲ್ಲಿನ ಮಣ್ಣಿನ ಟೈರು ಹಾಕ್ಸಿದೀನಿ. ಟಾರ್ ರೋಡಲ್ಲಿ ಗುಂಯ್ ಅನ್ನುತ್ತೆ, ಅನ್ನಲಿ ಬಿಡಿ. ನಿನ್ನೆ ಮಳೆ ಬಿದ್ದಿದ್ರೂ ಲಾರಿನ ಸೀದಾ ಮರದ ಬುಡಕ್ಕೇ ತಗೊಂಡು ಹೋದೆ. ಅತ್ತೆ ಕ್ರೇಟು ಎತ್ತೋಕೆ ಬಂದವರು, ಲಾರಿ ಪಕ್ಕದಲ್ಲೇ ಇರೋದು ನೋಡಿ ತಲೆ ಮೇಲಿಟ್ಕೊಂಡಿದ್ದ ಸಿಂಬೆ ಮುಟ್ಟಿ ನೋಡ್ಕೊಂಡ್ರು. ಆಮೇಲೆ ನಕ್ಕರು.

ಕಣ್ಣಿನ ಡ್ರಾಪ್ಸ್ ತಪ್ಪಿಸ್ಬೇಡಿ. ವೇಮಗಲ್‌ನಿಂದ ಬರೋವಾಗ ಲಾರಿ ಗ್ಲಾಸ್ ಒರೆಸೋ ಬಟ್ಟೆ ತರ್ತೀನಿ ಅಂದಿದ್ರಲ್ಲ, ಅದು ಬೇಡ. ಅತ್ತೆ ತಮ್ಮ ತಲೆಯ ಸಿಂಬೆ ಬಿಚ್ಚಿ ಆ ಬಟ್ಟೆನೇ ಕೊಟ್ಟಿದಾರೆ.

ಇಂತಿ ನಿಮ್ಮ ಸೊಸೆ,
ಧನಶ್ರೀ